ಆಸ್ತಿಯ ಮಾತು ಅಪ್ಪನ ಎದುರಿಗೇ ಆಗಲಿ

ದೀಪಾವಳಿಗೆ ಊರಿಗೆ ಹೋದಾಗ ನಮ್ಮ ಮನೆಯಲ್ಲಿ ಎಲ್ಲದರ ಮಾತೂ ಆಗುತ್ತದೆ. ಪುಣೆಯ ಮನೆ ಬಾಡಿಗೆ, ಮಕ್ಕಳ ಶಾಲೆ, ಗೋವಿನಜೋಳದ ದರ, ಯಾರ ಮಗಳಿಗೆ ಎಲ್ಲಿ ಗಂಡು ನೋಡುತ್ತಿದ್ದಾರೆ ಎಂಬುದು. ಆಗದೇ ಉಳಿಯುವ ಮಾತು ಒಂದೇ. ಈ ಮನೆ, ಈ ಹೊಲ, ಅಪ್ಪನ ಠೇವಣಿ ಮುಂದೆ ಯಾರಿಗೆ? ಅಲ್ಲಿಯವರೆಗೆ ಅಪ್ಪ-ಅವ್ವನನ್ನು ನೋಡಿಕೊಳ್ಳುವವರು ಯಾರು? ಈ ಮಾತು ತೆಗೆದವನು ಆಸ್ತಿಗೆ ಕಣ್ಣು ಹಾಕಿದ ಎಂದಾಗುತ್ತದೆ. ಅದರಲ್ಲೂ ಹೊರರಾಜ್ಯದಲ್ಲಿ ಸಂಬಳ ಎಣಿಸುವವನು ಕೇಳಿದರೆ ಕೇಳುವುದೇ ಬೇಡ. ಬಾಯಿ ಮುಚ್ಚಿಕೊಂಡು ಚಕ್ಕುಲಿ ಡಬ್ಬಿ ಹಿಡಿದು ಬಸ್ ಹತ್ತುತ್ತೇವೆ.

ಹದಿನೆಂಟು ವರ್ಷ ನಾನೂ ಹಾಗೇ ಬಸ್ ಹತ್ತಿದೆ. ಹೋದ ಶ್ರಾವಣದಲ್ಲಿ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ತಮ್ಮ ಫೋನ್ ಮಾಡಿದಾಗ ನಾನು ಹಿಂಜವಡಿಯ ಆಫೀಸಿನಲ್ಲಿದ್ದೆ. ಎರಡು ನಿಮಿಷದಲ್ಲಿ ದುಡ್ಡು ಕಳಿಸಿದೆ. ತಮ್ಮ ರಾಣೆಬೆನ್ನೂರಿನಿಂದ ಹುಬ್ಬಳ್ಳಿಗೆ ಆಂಬುಲೆನ್ಸ್‌ನಲ್ಲಿ ಕರೆದೊಯ್ದ, ಹದಿಮೂರು ದಿನ ಅಂಗಡಿಗೆ ಬೀಗ ಹಾಕಿದ, ರಾತ್ರಿ ಆಸ್ಪತ್ರೆಯ ನೆಲದ ಮೇಲೆ ಮಲಗಿದ. ಮನೆಗೆ ಬಂದ ಮೇಲೆ ಮೂರು ತಿಂಗಳು ಅಪ್ಪನ ಮೈ ತೊಳೆದು, ಊಟ ಮಾಡಿಸಿ, ಎತ್ತಿ ಕೂರಿಸಿದವರು ಅವನು ಮತ್ತು ಅವನ ಹೆಂಡತಿ. ನಾನು ಎರಡು ಸಲ, ಒಟ್ಟು ಒಂಬತ್ತು ದಿನ, ಹೋಗಿ ಬಂದೆ.

ಆ ದಿನಗಳಲ್ಲೇ ಒಂದು ಸಂಗತಿ ಅರಿವಾಯಿತು. ಅಪ್ಪನ ಠೇವಣಿ ಅವರೊಬ್ಬರ ಹೆಸರಿನಲ್ಲಿತ್ತು, ಅವ್ವ ನಾಮಿನಿ. ಅಪ್ಪ ಐಸಿಯುನಲ್ಲಿ, ಸಹಿ ಹಾಕುವ ಸ್ಥಿತಿಯಲ್ಲಿಲ್ಲ. ಖಾತೆದಾರ ಬದುಕಿರುವವರೆಗೆ ನಾಮಿನಿಗೆ ಒಂದು ರೂಪಾಯಿಯೂ ಸಿಗದು. ಖಾತೆದಾರ ಹೋದ ಮೇಲೂ ನಾಮಿನಿ ಆ ಹಣದ ಒಡೆಯನಲ್ಲ, ವಾರಸುದಾರರ ಪರವಾಗಿ ಅದನ್ನು ಪಡೆಯುವವನು ಮಾತ್ರ. ಸುಪ್ರೀಂ ಕೋರ್ಟ್ ವಿಮೆಯ ವಿಷಯದಲ್ಲಿ 1984ರಲ್ಲೂ, ಷೇರುಗಳ ವಿಷಯದಲ್ಲಿ 2023ರಲ್ಲೂ ಇದನ್ನೇ ಹೇಳಿದೆ. ನಮ್ಮ ಮನೆಗಳಲ್ಲಿ ಮಾತ್ರ 'ನಾಮಿನಿ ಹಾಕೇನಿ, ಮುಗೀತು' ಎಂಬ ಸಮಾಧಾನ. ಠೇವಣಿ ಅಪ್ಪ-ಅವ್ವ ಇಬ್ಬರ ಹೆಸರಿನಲ್ಲಿದ್ದು, ಯಾರಾದರೊಬ್ಬರು ತೆಗೆಯಬಹುದು ಎಂಬ ಸೂಚನೆ ಮೊದಲೇ ಬರೆಸಿದ್ದರೆ ಅವ್ವನ ಸಹಿಯಿಂದಲೇ ಕೆಲಸ ಆಗುವ ದಾರಿ ಇರುತ್ತಿತ್ತು.

ಜಿಪಿಎ ಮಾಡಿಸಿಕೊಂಡರೆ ಸಾಕು ಎನ್ನುವವರೂ ಇದ್ದಾರೆ. ಮುಂಬೈ, ಹೈದರಾಬಾದಿನ ನಮ್ಮವರಲ್ಲಿ ಇದು ಬಹಳ. ಆದರೆ ಬರೆದುಕೊಟ್ಟವರು ತೀರಿಕೊಂಡ ದಿನ ಅದು ಸಾಯುತ್ತದೆ. ಅಷ್ಟೇ ಅಲ್ಲ, ಅವರ ಬುದ್ಧಿ ಸ್ಥಿಮಿತ ತಪ್ಪಿದರೂ ನಮ್ಮ ಕರಾರು ಕಾಯ್ದೆಯ ಪ್ರಕಾರ ಅಧಿಕಾರ ಮುಗಿಯುತ್ತದೆ. ಅಂದರೆ ಮರೆವಿನ ಕಾಯಿಲೆ ಬಂದು ನಿಜವಾಗಿ ಬೇಕಾದ ಹೊತ್ತಿಗೇ ಅದು ಕೈಕೊಡುತ್ತದೆ.

ಉಳಿಯುವುದು ಎರಡು ದಾರಿ: ದಾನಪತ್ರ ಅಥವಾ ಮರಣಶಾಸನ, ನಾವು ವಿಲ್ ಎನ್ನುವುದು. ನನ್ನ ಮತ ಸ್ಪಷ್ಟವಾಗಿದೆ. ತಂದೆ-ತಾಯಿ ಬದುಕಿರುವಾಗ ಅವರು ವಾಸಿಸುವ ಮನೆಯನ್ನು ಮಕ್ಕಳು ಬರೆಸಿಕೊಳ್ಳಬಾರದು. ಕರ್ನಾಟಕದಲ್ಲಿ ಹತ್ತಿರದ ಕುಟುಂಬದವರೊಳಗಿನ ದಾನಪತ್ರಕ್ಕೆ ಮುದ್ರಾಂಕ ಶುಲ್ಕ ಕಡಿಮೆ ಎಂಬುದೇ ಹಲವರಿಗೆ ಆಮಿಷ. ನೋಂದಣಿ ಆದ ಕ್ಷಣಕ್ಕೆ ಅಪ್ಪ ತನ್ನ ಮನೆಯಲ್ಲೇ ಅತಿಥಿ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ 23ನೇ ಕಲಂ ಪ್ರಕಾರ, ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ಮಕ್ಕಳು ಷರತ್ತು ಮುರಿದರೆ ಹಿಂಪಡೆಯಬಹುದು, ನಿಜ. ಆದರೆ ಆ ಷರತ್ತು ಇತ್ತು ಎಂದು ತೋರಿಸಬೇಕು, ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಎಂಬತ್ತರ ವಯಸ್ಸಿನಲ್ಲಿ ಅಲೆಯಬೇಕು, ಹೆತ್ತ ಮಗನ ವಿರುದ್ಧ ಅರ್ಜಿ ಬರೆಯಬೇಕು. ಎಷ್ಟು ಅಪ್ಪಂದಿರು ಬರೆದಾರು?

ವಿಲ್ ಹಾಗಲ್ಲ. ಬರೆದವರು ಇರುವವರೆಗೂ ಒಡೆತನ ಅವರದೇ. ಮನಸ್ಸು ಬದಲಾದರೆ ಹರಿದು ಬೇರೆ ಬರೆಯಬಹುದು. ಛಾಪಾ ಕಾಗದ ಬೇಕಿಲ್ಲ, ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಇಬ್ಬರು ಸಾಕ್ಷಿಗಳ ಸಹಿ ಕಡ್ಡಾಯ. ಸಾಕ್ಷಿಗಳು ಪಾಲುದಾರರಲ್ಲದ, ಅಪ್ಪನಿಗಿಂತ ಕಿರಿಯರಾಗಿರಲಿ. ಅಪ್ಪನ ಓರಗೆಯ ಗೆಳೆಯರನ್ನು ಹಾಕಿಸಿ, ನಾಳೆ ಕೋರ್ಟು ಕರೆದಾಗ ಹೇಳಲು ಯಾರೂ ಉಳಿಯದ ಕಥೆಗಳು ನಮ್ಮ ಕಡೆ ಬೇಕಾದಷ್ಟಿವೆ. ವಿಲ್ ಇಲ್ಲದಿದ್ದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅಪ್ಪನ ಸ್ವಯಾರ್ಜಿತ ಆಸ್ತಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ಅಪ್ಪನ ತಾಯಿ, ಎಲ್ಲರಿಗೂ ಸಮಪಾಲು. ಮನೆಯೆಲ್ಲ ಅವ್ವನಿಗೇ ಬರುತ್ತದೆ ಎಂಬುದು ನಮ್ಮ ಕಲ್ಪನೆ. ಅವ್ವನಿಗೆ ಜೀವ ಇರುವವರೆಗೆ ಆ ಮನೆಯಲ್ಲಿ ವಾಸದ ಹಕ್ಕು ಎಂದು ವಿಲ್‌ನಲ್ಲಿ ಒಂದು ಸಾಲು ಬರೆಸುವುದು ಅದಕ್ಕೇ ಮುಖ್ಯ. (ಮುಸ್ಲಿಂ, ಕ್ರೈಸ್ತ ಕುಟುಂಬಗಳ ನಿಯಮ ಬೇರೆ, ಅವರು ತಮ್ಮ ವಕೀಲರನ್ನೇ ಕೇಳಬೇಕು.)

ಹೊಲದ ಕಥೆ ಇನ್ನೂ ಗೋಜಲು. ನಮ್ಮ ಪಹಣಿ ತೆಗೆಸಿ ನೋಡಿದರೆ ಇನ್ನೂ ಅಜ್ಜನ ಹೆಸರು! ಪೌತಿ ಖಾತೆ ಆಗಬೇಕಾದರೆ ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ ಬೇಕು, ವಂಶವೃಕ್ಷದಲ್ಲಿ ಸೋದರತ್ತೆಯರ ಹೆಸರೂ ಬರಬೇಕು. ತಮ್ಮ ಹೆಸರಿನಲ್ಲಿ ಇಲ್ಲದ ಹೊಲವನ್ನು ಅಪ್ಪ ಪೂರ್ತಿ ಯಾರಿಗೆ ಬರೆದಾರು? ವಿಲ್‌ಗಿಂತ ಮೊದಲು ಈ ಕೆಲಸ. ಊರಿಗೆ ಹೋದಾಗ ಒಂದು ದಿನ ಇದಕ್ಕೇ ಇಡಿ.

ಇನ್ನು ಅಕ್ಕ-ತಂಗಿಯರ ವಿಷಯ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಎಂದು ದೇಶ 2005ರಲ್ಲಿ ಕಾನೂನು ಮಾಡಿತು. ಕರ್ನಾಟಕ ಅದಕ್ಕೂ ಮೊದಲು, 1994ರಲ್ಲೇ ಮಾಡಿತ್ತು, ಆಗಲೇ ಮದುವೆಯಾದವರನ್ನು ಮಾತ್ರ ಹೊರಗಿಟ್ಟು. 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಅನುಮಾನವನ್ನೂ ತೆಗೆಯಿತು. ಆದರೂ ನಾವು ಮಾಡುವುದೇನು? ಪಂಚಮಿಗೆ ಸೀರೆ ಉಡಿಸಿ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು. ಸಹಿ ಹಾಕದಿದ್ದರೆ ತವರು ಮುಚ್ಚುತ್ತದೆ ಎಂದು ಅವಳಿಗೆ ಯಾರೂ ಹೇಳಬೇಕಿಲ್ಲ. ಮನಸಾರೆ ಬಿಟ್ಟುಕೊಡುವುದು ಬೇರೆ. ಆದರೆ ಮೊದಲು ಅವಳ ಪಾಲು ಎಷ್ಟು ಎಂದು ಲೆಕ್ಕ ಹೇಳಿ, ಆಮೇಲೆ ಕೇಳಿ.

ತಮ್ಮನ ಪಾಲು? ಇದು ನನಗೆ ಕಷ್ಟದ ಪ್ರಶ್ನೆ. ಸಮಪಾಲು ನ್ಯಾಯ ಎಂದು ಬಹಳ ದಿನ ಅಂದುಕೊಂಡಿದ್ದೆ. ತಿಂಗಳಾ ದುಡ್ಡು ಕಳಿಸುತ್ತೇನಲ್ಲ, ಆಸ್ಪತ್ರೆ ಬಿಲ್ ಕಟ್ಟಿದ್ದೇನಲ್ಲ ಎಂಬ ಲೆಕ್ಕ ತಲೆಯಲ್ಲಿತ್ತು. ಆದರೆ ಅಪ್ಪನ ಬಳಿ ಒಬ್ಬರು ಇರಲೇಬೇಕು ಎಂಬ ಕಾರಣಕ್ಕೆ ತಮ್ಮ ಬೆಂಗಳೂರಿನ ನೌಕರಿಗೆ ಹೋಗಲಿಲ್ಲ. ನಾನು ಪುಣೆಯಲ್ಲಿ ಫ್ಲ್ಯಾಟ್ ಕೊಂಡಿದ್ದು ಅವನು ಅಲ್ಲಿ ಉಳಿದಿದ್ದರಿಂದ. ಅವನ ಹೆಂಡತಿಯ ಮೂರು ತಿಂಗಳ ನಿದ್ದೆಗೆ ನನ್ನ ಯಾವ ವರ್ಗಾವಣೆಯೂ ಸಮನಲ್ಲ. ಊರಿನ ಮನೆ ಅವನಿಗೇ ಆಗಬೇಕು. ಅದನ್ನು ಬಾಯಿಬಿಟ್ಟು ಹೇಳಬೇಕಾದವನು ನಾನು, ಅವನಲ್ಲ. ಅವನು ಕೇಳಿದರೆ ಸ್ವಾರ್ಥ ಎನಿಸೀತು. ದೂರ ಇರುವವರು ಮಾಡಬಹುದಾದ ನಿಜವಾದ ಸೇವೆ ಇದೊಂದೇ ಇರಬೇಕು.

ಯುಗಾದಿಗೆ ಹೋದಾಗ, ಬೇವು-ಬೆಲ್ಲ ತಿಂದ ಮೇಲೆ, ಅಪ್ಪನ ಎದುರಿಗೇ ಮಾತು ತೆಗೆದೆ. 'ನಾ ಇನ್ನೂ ಇದ್ದೇನಲ್ಲೋ ತಮ್ಮಾ, ಈಗ್ಯಾಕ?' ಎಂದರು. ಅವ್ವ ಎದ್ದು ಒಳಗೆ ಹೋದಳು. ತಮ್ಮ ಗೋಡೆ ನೋಡುತ್ತಿದ್ದ. ಮನೆ ಅವನಿಗೆ, ಅವ್ವನಿಗೆ ಜೀವನಪೂರ್ತಿ ಇರುವ ಹಕ್ಕು, ಉಳಿದದ್ದು ಲೆಕ್ಕ ಹಾಕಿ ಮೂವರಿಗೂ ಎಂದು ಹೇಳಿ ಮುಗಿಸಿದೆ. ಅಪ್ಪ ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ ವಾಕರ್ ಹತ್ತಿರ ಎಳೆದುಕೊಂಡು, 'ಅಕ್ಕನೂ ಬರ್ಲಿ, ಆಕಿ ಇಲ್ದ ಹ್ಯಾಂಗ ಬರೀಲಿ' ಎಂದರು.

ಅಕ್ಕ ಮೇ ರಜೆಗೆ ಸೊಲ್ಲಾಪುರದಿಂದ ಬರುತ್ತಾಳೆ. ಆ ವಾರಕ್ಕೆ ನಾನೂ ರಜೆ ಹಾಕಿದ್ದೇನೆ.