ಬಿಸಿನೀರ ಬುಗ್ಗೆಯ ಜಳಕ ರೋಗ ಕಳೆಯುತ್ತದೆಯೇ? ಜಪಾನಿನ ಒನ್‌ಸೆನ್‌ನಿಂದ ರಾಣೆಬೆನ್ನೂರಿನ ಬೋರ್‌ವೆಲ್‌ವರೆಗೆ

ಸುತ್ತ ಹಿಮ, ನಡುವೆ ಆವಿ ಏಳುವ ಕಲ್ಲಿನ ಕೊಳ, ಅದರಲ್ಲಿ ಕುತ್ತಿಗೆಮಟ್ಟ ಮುಳುಗಿ ಕೂತ ಅಜ್ಜ-ಅಜ್ಜಿ. ಕೆಳಗೊಂದು ಬರಹ: ಜಪಾನಿಯರು ನೂರು ವರ್ಷ ಬದುಕುವ ಗುಟ್ಟು ಇದೇ, ಬಿಸಿನೀರ ಬುಗ್ಗೆಯಲ್ಲಿ ಮಿಂದರೆ ಸಕ್ಕರೆ ಕಾಯಿಲೆ, ಕೀಲುನೋವು, ಚರ್ಮರೋಗ ಎಲ್ಲ ಮಾಯ. ಈ ಬಗೆಯ ಫಾರ್ವರ್ಡ್ ನಿಮ್ಮ ಫೋನಿಗೂ ಬಂದಿರಬಹುದು. ಅದನ್ನು ನಂಬಿ ಯಾರಾದರೂ ಮಾತ್ರೆ ಬಿಟ್ಟರೆ ಕಷ್ಟ ಅವರದು. ಹಾಗಾಗಿ ಇದರಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು ಎಂದು ಒಂದೊಂದಾಗಿ ನೋಡೋಣ.

ಒನ್‌ಸೆನ್ ಅಂದರೆ ಏನು?

ಜಪಾನಿನಲ್ಲಿ ನೆಲದಿಂದ ಉಕ್ಕುವ ಬಿಸಿನೀರಿಗೆ ಒನ್‌ಸೆನ್ ಎನ್ನುತ್ತಾರೆ. ಅದರ ಪಕ್ಕದಲ್ಲಿ ಕಟ್ಟಿದ ಸಾಂಪ್ರದಾಯಿಕ ವಸತಿಗೃಹ ರ್‍ಯೋಕಾನ್. ಅಲ್ಲಿ ನೆಲಕ್ಕೆ ಚಾಪೆ, ಉಡಲು ಯುಕಾಟ ಎಂಬ ಹತ್ತಿಯ ನಿಲುವಂಗಿ, ರಾತ್ರಿಯ ಊಟ, ಬೆಳಗಿನ ಉಪಾಹಾರ ಎಲ್ಲ ಒಟ್ಟಿಗೆ ಸಿಗುತ್ತವೆ. ಯಮನಾಶಿ ಪ್ರಾಂತ್ಯದ ನಿಶಿಯಾಮ ಒನ್‌ಸೆನ್ ಕೇಯುನ್‌ಕಾನ್ ಎಂಬ ವಸತಿಗೃಹ ಕ್ರಿ.ಶ. 705ರಲ್ಲಿ ಆರಂಭವಾಯಿತು ಎನ್ನುತ್ತಾರೆ. ಜಗತ್ತಿನ ಅತಿ ಹಳೆಯ ಹೋಟೆಲ್ ಎಂದು ಗಿನ್ನೆಸ್ ದಾಖಲೆ ಅದನ್ನು ಗುರುತಿಸಿದೆ.

ಜಪಾನಿನಲ್ಲಿ ಇದಕ್ಕೆಂದೇ 1948ರ ಒನ್‌ಸೆನ್ ಕಾನೂನು ಇದೆ. ಆ ಕಾನೂನಿನ ಪ್ರಕಾರ ನೆಲದಿಂದ ಬರುವ ನೀರು 25 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚು ಬೆಚ್ಚಗಿದ್ದರೆ ಸಾಕು, ಅದು ಒನ್‌ಸೆನ್. ಇಲ್ಲವಾದರೆ ಪಟ್ಟಿಯಲ್ಲಿರುವ 19 ಅಂಶಗಳಲ್ಲಿ ಒಂದಾದರೂ ನಿಗದಿತ ಪ್ರಮಾಣದಲ್ಲಿರಬೇಕು.

ಹಾಗಾದರೆ ನಮ್ಮ ಬೋರ್‌ವೆಲ್ ನೀರೂ ಒನ್‌ಸೆನ್ ಆಯಿತಲ್ಲ?

ಬರೀ ಉಷ್ಣತೆಯ ಲೆಕ್ಕ ಹಿಡಿದರೆ, ಹೌದು! ನೆಲದೊಳಗಿನ ನೀರು ಆ ಊರಿನ ಇಡೀ ವರ್ಷದ ಸರಾಸರಿ ಉಷ್ಣತೆಯ ಆಸುಪಾಸಿನಲ್ಲಿ ಇರುತ್ತದೆ. ಜಪಾನಿನ ಬಹುಪಾಲು ಊರುಗಳಲ್ಲಿ ಆ ಸರಾಸರಿ 15 ಡಿಗ್ರಿಯ ಆಚೀಚೆ. ಅಲ್ಲಿ 25 ಡಿಗ್ರಿಯ ನೀರು ಸಿಕ್ಕರೆ ಕೆಳಗಿನಿಂದ ಶಾಖ ಬಂದಿದೆ ಎಂದೇ ಅರ್ಥ. ಹಾವೇರಿ ಜಿಲ್ಲೆಯ ಸರಾಸರಿಯೇ 25 ಡಿಗ್ರಿಯ ಹತ್ತಿರ. ಆದ್ದರಿಂದ ರಾಣೆಬೆನ್ನೂರಿನ ಹೊಲದ ಸಾಮಾನ್ಯ ಬೋರ್ ಕೂಡ ಆ ಗೆರೆ ದಾಟಬಲ್ಲದು.

ಆಳಕ್ಕೆ ಹೋದಂತೆ ಭೂಮಿ ಬಿಸಿಯಾಗುತ್ತದೆ, ನಿಜ. ಆದರೆ ಆ ಏರಿಕೆ ಸಾಮಾನ್ಯವಾಗಿ ಕಿಲೋಮೀಟರಿಗೆ 25ರಿಂದ 30 ಡಿಗ್ರಿ ಮಾತ್ರ. ನಮ್ಮ ಕಡೆಯ ಕೋಟ್ಯಂತರ ವರ್ಷ ಹಳೆಯ ಬಂಡೆಗಳಲ್ಲಿ ಇನ್ನೂ ಕಡಿಮೆ. 600 ಅಡಿ ಕೊರೆದರೆ ಹೆಚ್ಚೆಂದರೆ ನಾಲ್ಕೈದು ಡಿಗ್ರಿ ಏರಬಹುದು. ಮಾಗಿಯ ಮುಂಜಾನೆ ಹೊರಗಿನ ಗಾಳಿ 15 ಡಿಗ್ರಿಗೆ ಇಳಿದಾಗ ಬೋರಿನ ನೀರು ಬೆಚ್ಚಗೆ ಅನ್ನಿಸುವುದು, ಹಬೆಯಾಡುವುದು ಇದರಿಂದಲೇ. ಬೇಸಿಗೆಯಲ್ಲಿ ಅದೇ ನೀರು ತಂಪು ಅನ್ನಿಸುತ್ತದೆ. ನೀರು ಬದಲಾಗಿಲ್ಲ, ಗಾಳಿ ಬದಲಾಗಿದೆ.

ನಿಜವಾದ ಬುಗ್ಗೆ ಎಲ್ಲಿದೆ?

ಕರ್ನಾಟಕದಲ್ಲಿ ಹೆಸರಾದ ಬಿಸಿನೀರ ಬುಗ್ಗೆ ದಕ್ಷಿಣ ಕನ್ನಡದ ಪುತ್ತೂರು ತಾಲ್ಲೂಕಿನ ಇರ್ದೆ ಗ್ರಾಮದಲ್ಲಿರುವ ಬೆಂದ್ರು ತೀರ್ಥ. ತುಳುವಿನಲ್ಲಿ ಬೆಂದ್ರ್ ಎಂದರೆ ಬಿಸಿನೀರು. ಗಂಧಕದ ವಾಸನೆಗೂ ಅದು ಹೆಸರುವಾಸಿ. ಮಹಾರಾಷ್ಟ್ರದ ಕೊಂಕಣ ಕರಾವಳಿಯಲ್ಲಿ ವಜ್ರೇಶ್ವರಿ, ರಾಜಾಪುರ, ಉನ್ಹವರೆ ಮುಂತಾದ ಕಡೆ ಬುಗ್ಗೆಗಳ ಸಾಲೇ ಇದೆ. ಹಿಮಾಚಲದ ಮಣಿಕರಣದಲ್ಲಂತೂ ನೀರು ಕುದಿಯುವಷ್ಟು ಬಿಸಿ, ಅದರಲ್ಲೇ ಅನ್ನ ಬೇಯಿಸುತ್ತಾರೆ. ದೇಶದಲ್ಲಿ ಒಟ್ಟು 300ಕ್ಕೂ ಹೆಚ್ಚು ಬುಗ್ಗೆಗಳು ದಾಖಲಾಗಿವೆ. ಮಳೆನೀರು ಬಂಡೆಯ ಬಿರುಕುಗಳಲ್ಲಿ ತುಂಬಾ ಆಳಕ್ಕೆ ಇಳಿದು, ಕಾದು, ಬೇಗನೆ ಮೇಲೆ ಬಂದರೆ ಬುಗ್ಗೆ ಆಗುತ್ತದೆ. ಜಪಾನಿನಲ್ಲಿ ಹಲವೆಡೆ ಜ್ವಾಲಾಮುಖಿಯ ಶಾಖವೂ ಸೇರಿಕೊಳ್ಳುತ್ತದೆ.

ಲಾಭ ಏನೂ ಇಲ್ಲವೇ?

ಇದೆ. ಬಿಸಿನೀರಿಗೆ ರಕ್ತನಾಳ ಹಿಗ್ಗುತ್ತದೆ, ಸ್ನಾಯು ಸಡಿಲವಾಗುತ್ತದೆ, ಕೀಲುನೋವು ಕೆಲಹೊತ್ತು ತಗ್ಗುತ್ತದೆ. ಮಲಗುವ ಒಂದೆರಡು ತಾಸು ಮೊದಲು 40ರಿಂದ 42 ಡಿಗ್ರಿಯ ನೀರಿನಲ್ಲಿ ಜಳಕ ಮಾಡಿದರೆ ಸುಮಾರು 10 ನಿಮಿಷ ಬೇಗ ನಿದ್ದೆ ಬರುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2019ರ ವಿಶ್ಲೇಷಣೆಯೊಂದು ಹೇಳಿದೆ. ಆದರೆ ಈ ಲಾಭದ ಬಹುಪಾಲು ಶಾಖದ್ದು. ಅದು ನಿಮ್ಮ ಬಚ್ಚಲಿನ ಹಂಡೆಯ ನೀರಿನಲ್ಲೂ ಇದೆ. ನೀರು ತುಂಬುವ ಹಬ್ಬದ ಮರುದಿನ ಎಣ್ಣೆ ಹಚ್ಚಿ ಎರೆದುಕೊಂಡಾಗ ಮೈ ಹಗುರಾಗುವುದೂ ಇದರಿಂದಲೇ.

ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಜಪಾನಿಯರ ಸರಾಸರಿ ಆಯಸ್ಸು ಸುಮಾರು 84 ವರ್ಷ, ನಿಜ. ಆದರೆ ಅಲ್ಲಿ 1961ರಿಂದ ಎಲ್ಲರಿಗೂ ಆರೋಗ್ಯ ವಿಮೆ ಇದೆ. ಊಟದಲ್ಲಿ ಉಪ್ಪು ತಗ್ಗಿಸಿ, ರಕ್ತದೊತ್ತಡ ಹಿಡಿತಕ್ಕೆ ತಂದು, ಲಕ್ವ ಹೊಡೆದು ಸಾಯುವವರ ಸಂಖ್ಯೆಯನ್ನು ಬಹಳ ಕಡಿಮೆ ಮಾಡಿದ್ದಾರೆ. ಇದನ್ನೆಲ್ಲ ಬಿಟ್ಟು ಕೊಳವೊಂದನ್ನೇ ತೋರಿಸಿದರೆ ಅರ್ಧ ಸತ್ಯವಾಗುತ್ತದೆ.

ಬ್ಯಾಡಗಿ ಮೆಣಸಿನಕಾಯಿ ಹೇಳುವ ಪಾಠ

ಮೆಣಸಿನಕಾಯಿ ತಿಂದರೆ ಬಾಯಿ “ಸುಡುತ್ತದೆ” ಎನ್ನುತ್ತೇವೆ. ಅದು ಬರೀ ಮಾತಲ್ಲ. ನಮ್ಮ ನರಗಳ ತುದಿಯಲ್ಲಿ ಟಿಆರ್‌ಪಿವಿ1 ಎಂಬ ಶಾಖ ಗುರುತಿಸುವ ಪ್ರೋಟೀನ್ ಇದೆ. ಸುಮಾರು 43 ಡಿಗ್ರಿ ದಾಟಿದ ಶಾಖಕ್ಕೂ ಮೆಣಸಿನ ಕ್ಯಾಪ್ಸೈಸಿನ್‌ಗೂ ಅದು ಒಂದೇ ರೀತಿ “ಉರಿ” ಎಂದು ಕೂಗುತ್ತದೆ. ಇದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ 2021ರ ನೊಬೆಲ್ ಹಂಚಿಕೊಂಡರು. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಬಣ್ಣ ಹೆಚ್ಚು, ಕ್ಯಾಪ್ಸೈಸಿನ್ ಕಡಿಮೆ. ಅದಕ್ಕೇ ಖಾರ ಕಡಿಮೆ.

ಒನ್‌ಸೆನ್ ಕೊಳದ ನೀರನ್ನು ಸಾಮಾನ್ಯವಾಗಿ 40ರಿಂದ 42 ಡಿಗ್ರಿಗೆ ಇಡುತ್ತಾರೆ. ಅಂದರೆ ಈ ಎಚ್ಚರಿಕೆ ಗಂಟೆ ಬಾರಿಸುವ ಸ್ವಲ್ಪ ಮುಂಚೆ. ಆದರೆ ಬಹುಕಾಲದಿಂದ ಸಕ್ಕರೆ ಕಾಯಿಲೆ ಇದ್ದವರಲ್ಲಿ ಹಲವರಿಗೆ ಪಾದದ ನರಗಳು ಜೋಮು ಹಿಡಿದಿರುತ್ತವೆ. ಅವರಿಗೆ ಗಂಟೆಯೇ ಕೇಳಿಸುವುದಿಲ್ಲ. ಕಾಲು ಸುಟ್ಟರೂ ಗೊತ್ತಾಗದೆ, ಗುಳ್ಳೆ ಹುಣ್ಣಾಗಿ, ಕೊನೆಗೆ ಬೆರಳು ಕಳೆದುಕೊಳ್ಳುವ ಸ್ಥಿತಿ ಬರಬಹುದು. ಇನ್ಸುಲಿನ್ ಚುಚ್ಚಿಕೊಂಡ ಕೂಡಲೇ ಬಿಸಿನೀರಿಗೆ ಇಳಿದರೆ ಅದು ಬೇಗ ರಕ್ತ ಸೇರಿ ಸಕ್ಕರೆ ಥಟ್ಟನೆ ಇಳಿಯಬಹುದು. ಫಾರ್ವರ್ಡ್ ಯಾರಿಗೆ ಮದ್ದು ಎನ್ನುತ್ತದೋ, ಹೆಚ್ಚು ಅಪಾಯ ಅವರಿಗೇ.

ಜಪಾನಿನವರು ಗೋಡೆಗೆ ಬರೆದಿರುವುದು

ಒನ್‌ಸೆನ್ ಸ್ನಾನಗೃಹಗಳಲ್ಲಿ ನೀರಿನ ಅಂಶಗಳ ಜೊತೆ, ಯಾರು ಇಳಿಯಬಾರದು ಎಂಬ ಫಲಕವನ್ನೂ ಹಾಕಬೇಕೆಂದು ಅಲ್ಲಿನ ಕಾನೂನೇ ಹೇಳುತ್ತದೆ. ಜ್ವರ ಇದ್ದವರು, ತೀವ್ರ ಹೃದಯ ಅಥವಾ ಶ್ವಾಸಕೋಶದ ಕಾಯಿಲೆಯವರು ಆ ಪಟ್ಟಿಯಲ್ಲಿದ್ದಾರೆ. ನಮಗೆ ಬರುವ ಫೋಟೋದಲ್ಲಿ ಈ ಫಲಕ ಕಾಣುವುದೇ ಇಲ್ಲ.

ಅಲ್ಲಿನ ನಿಯಮಗಳಿಗೂ ಕಾರಣವಿದೆ. ಮೊದಲು ಪಕ್ಕದಲ್ಲಿ ಕೂತು ಸೋಪು ಹಚ್ಚಿ ಮೈ ತೊಳೆಯಬೇಕು, ಆಮೇಲೆ ಕೊಳಕ್ಕೆ ಇಳಿಯಬೇಕು. ತಲೆ ಮುಳುಗಿಸಬಾರದು, ಟವೆಲ್ ಅದ್ದಬಾರದು. ಬೆಚ್ಚಗಿನ ನೀರು ರೋಗಾಣುಗಳಿಗೂ ಇಷ್ಟ. 2002ರಲ್ಲಿ ಮಿಯಾಝಾಕಿ ಪ್ರಾಂತ್ಯದ ಹ್ಯೂಗ ನಗರದ ಒಂದು ಸ್ನಾನಗೃಹದಿಂದ ಹರಡಿದ ಲೀಜನೆಲ್ಲಾ ಸೋಂಕಿಗೆ 7 ಮಂದಿ ಬಲಿಯಾದರು. ನೆರೆಯ ಕೇರಳದಲ್ಲಿ 2024 ಮತ್ತು 2025ರಲ್ಲಿ ಸುದ್ದಿಯಾದ ಮೆದುಳು ತಿನ್ನುವ ಅಮೀಬಾ ಕೂಡ ಬೆಚ್ಚಗಿನ ಸಿಹಿನೀರಿನಲ್ಲಿ ಬದುಕುತ್ತದೆ, ಮೂಗಿನ ಮೂಲಕ ಒಳಹೊಗುತ್ತದೆ.

ನೀವು ಮಾಡಬೇಕಾದದ್ದು

- ಬುಗ್ಗೆಗೆ ಹೋಗಿ, ಭಕ್ತಿಯಿಂದಲೋ ಖುಷಿಗೋ. ಆದರೆ ಮಾತ್ರೆ ನಿಲ್ಲಿಸಬೇಡಿ.
- ಸಕ್ಕರೆ ಕಾಯಿಲೆಯವರು ಕಾಲಿನಿಂದ ಬಿಸಿ ನೋಡಬೇಡಿ. ಮೊಣಕೈಯಿಂದ ನೋಡಿ, ಇಲ್ಲವೇ ಬೇರೆಯವರಿಗೆ ನೋಡಲು ಹೇಳಿ.
- ಹತ್ತು ನಿಮಿಷ ಸಾಕು. ಏಳುವಾಗ ನಿಧಾನ, ಬಿಪಿ ಇಳಿದು ತಲೆ ತಿರುಗಬಹುದು. ಕುಡಿದು ಇಳಿಯಲೇಬೇಡಿ.
- ಗರ್ಭಿಣಿಯರು, ಹೃದಯದ ತೊಂದರೆ ಇರುವವರು ಮೊದಲು ವೈದ್ಯರನ್ನು ಕೇಳಿ.
- ಮೂಗಿಗೆ ನೀರು ಹೋಗದಂತೆ ನೋಡಿಕೊಳ್ಳಿ. ತೀರ್ಥವೆಂದು ಬಾಟಲಿಗಟ್ಟಲೆ ಕುಡಿಯಬೇಡಿ, ಬುಗ್ಗೆ ನೀರಿನಲ್ಲಿ ಫ್ಲೋರೈಡ್, ಆರ್ಸೆನಿಕ್ ಹೆಚ್ಚಿರಬಹುದು.
- ಮನೆಯ ಬಚ್ಚಲಲ್ಲೇ ಬಿಸಿನೀರ ಸುಖ ಬೇಕೆಂದರೆ ಕಿಟಕಿ ತೆರೆದಿರಲಿ. ಗ್ಯಾಸ್ ಗೀಸರ್ ಅಥವಾ ಹಂಡೆಯ ಒಲೆ ಮುಚ್ಚಿದ ಕೋಣೆಯಲ್ಲಿ ಉರಿದರೆ ಬಣ್ಣ, ವಾಸನೆ ಇಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬಿ ಜೀವ ತೆಗೆಯುತ್ತದೆ.

ಮುಂದಿನ ಸಲ ಆ ಫೋಟೋ ಬಂದರೆ ನೋಡಿ ಆನಂದಿಸಿ. ಆದರೆ ಸಕ್ಕರೆ ಕಾಯಿಲೆ ಇರುವ ಅಪ್ಪನಿಗೋ ಅತ್ತೆಗೋ ಕಳಿಸುವ ಮುನ್ನ ಈ ಪಟ್ಟಿಯನ್ನೂ ಜೊತೆಗೆ ಕಳಿಸಿ.