ಯಾರ್ಕ್‌ಷೈರ್ ಟೆರಿಯರ್ ಆಟದ ಬೊಂಬೆಯೇ?

‘ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು’ ಎಂಬ ಗಾದೆ ಯಾರ್ಕ್‌ಷೈರ್ ಟೆರಿಯರಿಗೆ ಒಪ್ಪುವಂತೆ ಇನ್ನಾವ ನಾಯಿಗೂ ಒಪ್ಪಲಾರದೇನೋ! ಅದರ ತೂಕ ಮೂರು ಕಿಲೋಗ್ರಾಮಿನ ಆಸುಪಾಸು. ಮೈಮೇಲೆ ನೆಲ ಮುಟ್ಟುವ ರೇಷ್ಮೆಯಂಥ ಕೂದಲು; ನೆತ್ತಿಯ ಮೇಲೊಂದು ಜುಟ್ಟು, ಜುಟ್ಟಿಗೊಂದು ಬಣ್ಣದ ಟೇಪು. ಕಂಡವರು ಅದನ್ನು ಬೊಂಬೆಯೆಂದು ಭ್ರಮಿಸಿದರೆ ಆಶ್ಚರ್ಯವಿಲ್ಲ. ಆದರೆ ಕೊಂಡವರೂ ಹಾಗೆಯೇ ಭ್ರಮಿಸುವುದು ಮಾತ್ರ ಆ ಮೂಕ ಪ್ರಾಣಿಗೆ ಮಾಡುವ ಅನ್ಯಾಯ. ಬೆಂಗಳೂರಿನಂತಹ ನಗರಗಳಲ್ಲಿಯೂ ಇದನ್ನು ಸಾಕುವವರು ಇರುವುದರಿಂದ ಈ ವಿಷಯವನ್ನು ಕುರಿತು ನಾಲ್ಕು ಮಾತು ಹೇಳುವುದು ಅನುಚಿತವಾಗಲಾರದು.

ಮೊದಲು ಇದರ ಕುಲವನ್ನು ವಿಚಾರಿಸೋಣ. ‘ಟೆರಿಯರ್’ ಎಂಬ ಹೆಸರಿನ ಮೂಲದಲ್ಲಿರುವುದು ನೆಲ ಎಂಬರ್ಥದ ಲ್ಯಾಟಿನ್ ಶಬ್ದ. ಬಿಲವನ್ನು ತೋಡಿ, ಒಳಹೊಕ್ಕು, ಬೇಟೆಯನ್ನು ಹಿಡಿಯುವುದು ಈ ಜಾತಿಯ ನಾಯಿಗಳ ಕಸುಬು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಸ್ಕಾಟ್ಲೆಂಡಿನ ನೇಕಾರರು ಹೊಟ್ಟೆಪಾಡಿಗಾಗಿ ಇಂಗ್ಲೆಂಡಿನ ಯಾರ್ಕ್‌ಷೈರ್, ಲ್ಯಾಂಕಾಷೈರ್ ಪ್ರಾಂತಗಳ ಗಿರಣಿಗಳಿಗೆ ಬಂದರು. ಜೊತೆಯಲ್ಲಿ ತಮ್ಮ ಪುಟ್ಟ ನಾಯಿಗಳನ್ನೂ ತಂದರು. ಆ ಗಿರಣಿಗಳಲ್ಲಿ ಇಲಿ ಹಿಡಿಯುತ್ತ ಬೆಳೆದ ಬಳಗದಿಂದ ಹುಟ್ಟಿದ್ದು ಈ ತಳಿ. ಇದರ ಮೂಲಪುರುಷನೆನಿಸಿದ ‘ಹಡರ್ಸ್‌ಫೀಲ್ಡ್ ಬೆನ್’ 1865ರಲ್ಲಿ ಹುಟ್ಟಿ 1871ರಲ್ಲಿ ಗಾಡಿಗೆ ಸಿಕ್ಕಿ ಸತ್ತಿತು. ಆರೇ ವರ್ಷದ ಬಾಳಿನಲ್ಲಿ ಪ್ರದರ್ಶನಗಳಲ್ಲಿ ಬಹುಮಾನ ಗಳಿಸಿತು, ಇಲಿ ಕೊಲ್ಲುವ ಪಂದ್ಯಗಳಲ್ಲಿಯೂ ಹೆಸರು ಮಾಡಿತು. ಸಿರಿವಂತ ಮಹಿಳೆಯರ ಮಡಿಲೇರಿದ್ದು ಆಮೇಲಿನ ಕಥೆ. ಅಂದಮೇಲೆ ಇದು ಹುಟ್ಟಿನಿಂದ ಶ್ರೀಮಂತರ ನಾಯಿಯಲ್ಲ, ಕೂಲಿಯವರ ನಾಯಿ.

ಮಡಿಲೇರಿದರೂ ಗುಣ ಹೋಗಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ, 1944ರಲ್ಲಿ, ನ್ಯೂಗಿನಿಯ ಕಾಡಿನ ಗುಂಡಿಯೊಂದರಲ್ಲಿ ಈ ತಳಿಯ ಹೆಣ್ಣು ನಾಯಿಯೊಂದು ಅಮೆರಿಕದ ಸೈನಿಕರಿಗೆ ಸಿಕ್ಕಿತು. ‘ಸ್ಮೋಕಿ’ ಎಂಬುದು ಅದರ ಹೆಸರಾಯಿತು. ಮಾರನೆಯ ವರ್ಷ ಫಿಲಿಪ್ಪೀನ್ಸಿನ ಲಿಂಗಾಯೆನ್ ವಿಮಾನ ನಿಲ್ದಾಣದಲ್ಲಿ ಟೆಲಿಫೋನು ತಂತಿಯನ್ನು ನೆಲದಡಿಯ ಕೊಳವೆಯೊಳಗಿಂದ ಎಳೆಯಬೇಕಾಯಿತು. ಕೊಳವೆಯ ಉದ್ದ 70 ಅಡಿ, ಅಗಲ 8 ಅಂಗುಲ; ಅದರಲ್ಲಿಯೂ ಅಲ್ಲಲ್ಲಿ ಮಣ್ಣು ತುಂಬಿತ್ತು. ಸ್ಮೋಕಿಯ ಕೊರಳಪಟ್ಟಿಗೆ ದಾರ ಕಟ್ಟಿ, ಆಚೆ ತುದಿಯಿಂದ ಒಡೆಯ ವಿಲಿಯಂ ವಿನ್ ಕೂಗಿ ಕರೆದ. ತೆವಳಿ ಬಂದು ಹೊರಬಿದ್ದಿತು! ನೆಲ ಅಗೆಯುತ್ತ ಶತ್ರುವಿಮಾನಗಳ ಬಾಂಬಿಗೆ ಗುರಿಯಾಗಬೇಕಿದ್ದ ಸೈನಿಕರ ಕಷ್ಟ ತಪ್ಪಿತು. ಬೊಂಬೆಯಿಂದ ಆಗುವ ಕೆಲಸವೇ ಇದು?

ಆದುದರಿಂದ ಇದನ್ನು ಸಾಕುವವರು ಮೊದಲು ಇದರ ಮನಸ್ಸನ್ನು ಅರಿಯಬೇಕು. ಇದು ಬುದ್ಧಿಶಾಲಿ, ಹಟಮಾರಿ. ಅಪರಿಚಿತರನ್ನು ಕಂಡರೆ ಬೊಗಳದೆ ಬಿಡದು. ತನಗಿಂತ ಹತ್ತು ಪಾಲು ದೊಡ್ಡ ನಾಯಿಯ ಮೇಲೂ ಏರಿಹೋಗುವ ಎದೆಗಾರಿಕೆ ಇದರದು. ದಿನವೆಲ್ಲ ಮೆತ್ತೆಯ ಮೇಲೆ ಕೂರಿಸಿದರೆ ಬೇಸರದಿಂದ ಬೊಗಳಾಟ ಹೆಚ್ಚುತ್ತದೆಯೇ ಹೊರತು ಶಾಂತಿ ಬಾರದು. ದಿನಕ್ಕೆರಡು ಬಾರಿ ತಂಪು ಹೊತ್ತಿನಲ್ಲಿ ಅಡ್ಡಾಡಿಸಬೇಕು. ಹುಡುಕುವ, ತೋಡುವ ಆಟಗಳನ್ನು ಆಡಿಸಬೇಕು. ಮರಿಯಿದ್ದಾಗಲೇ ಹೇಳಿದ ಮಾತು ಕೇಳುವುದನ್ನು ಕಲಿಸಬೇಕು.

ಇನ್ನು ದೇಹದ ಆರೈಕೆ. ಮನಸ್ಸು ಗಟ್ಟಿಯಾದರೂ ಮೈ ನಾಜೂಕು. ಇದರ ಕೂದಲು ನಮ್ಮ ತಲೆಗೂದಲಿನಂತೆ ಬೆಳೆಯುತ್ತಲೇ ಇರುತ್ತದೆ. ದಿನವೂ ಬಾಚದಿದ್ದರೆ ಗಂಟುಗಟ್ಟಿ ಚರ್ಮ ಹುಣ್ಣಾಗುತ್ತದೆ. ಬಾಚಲು ಬಿಡುವಿಲ್ಲದವರು ಗಿಡ್ಡಗೆ ಕತ್ತರಿಸಿಬಿಡುವುದೇ ದಯೆ. ಅಂದಕ್ಕಿಂತ ಹಿತ ದೊಡ್ಡದು. ಪುಟ್ಟ ಬಾಯಲ್ಲಿ ಹಲ್ಲುಗಳು ಒತ್ತೊತ್ತಾಗಿರುವುದರಿಂದ, ಹಾಲುಹಲ್ಲು ಬೀಳದೆ ಉಳಿಯುವುದೂ ಉಂಟಾದ್ದರಿಂದ, ನಾಯಿಗಳಿಗೆಂದೇ ಮಾಡಿದ ಪೇಸ್ಟಿನಿಂದ ಹಲ್ಲುಜ್ಜಬೇಕು. ಶ್ವಾಸನಾಳ ದುರ್ಬಲವಾಗಿರುವ ಸಂಭವವಿರುವುದರಿಂದ ಹಗ್ಗವನ್ನು ಕೊರಳಿಗೆ ಕಟ್ಟದೆ ಎದೆಪಟ್ಟಿಗೆ ಕಟ್ಟಬೇಕು. ಮಂಚದಿಂದ ಧುಮುಕಲು ಬಿಡಬಾರದು. ಮೊಣಕಾಲ ಚಿಪ್ಪು ಜಾರುವುದು ಈ ತಳಿಯಲ್ಲಿ ಸಾಮಾನ್ಯ. ಮರಿಗಳು ಹೆಚ್ಚು ಹೊತ್ತು ಹಸಿದಿದ್ದರೆ ರಕ್ತದ ಸಕ್ಕರೆ ಇಳಿದು ನಡುಗಿ ಬೀಳುವುದುಂಟು. ಆದ್ದರಿಂದ ದಿನಕ್ಕೆ ಮೂರು ನಾಲ್ಕು ಬಾರಿ ಸ್ವಲ್ಪ ಸ್ವಲ್ಪವಾಗಿ ಉಣಿಸಬೇಕು. ಪಾಯಸದ ದ್ರಾಕ್ಷಿ, ಹುಳಿಯ ಈರುಳ್ಳಿ, ಮಕ್ಕಳ ಚಾಕೊಲೇಟು ನಮಗೆ ರುಚಿ, ಅದಕ್ಕೆ ವಿಷ. ಹುಚ್ಚುನಾಯಿ ರೋಗದ ಲಸಿಕೆಯನ್ನಂತೂ ಮರೆಯಲೇಬಾರದು.

ಇಷ್ಟನ್ನೂ ಮೀರಿದ ಕೇಡೊಂದಿದೆ. ಹಡರ್ಸ್‌ಫೀಲ್ಡ್ ಬೆನ್ ಸುಮಾರು ಐದು ಕಿಲೋಗ್ರಾಮಿನ ಗಟ್ಟಿಮುಟ್ಟಾದ ನಾಯಿ. ಇಂಗ್ಲೆಂಡಿನ ಕೆನೆಲ್ ಕ್ಲಬ್ಬು ಗೊತ್ತುಮಾಡಿರುವ ಗರಿಷ್ಠ ತೂಕ 3.2 ಕಿಲೋಗ್ರಾಂ. ಇಂದಿನ ಶೋಕಿಗೆ ಅದೂ ದೊಡ್ಡದಾಯಿತು! ‘ಟೀ ಕಪ್’ ಎಂಬ ಹೆಸರಿನಲ್ಲಿ ಬಟ್ಟಲಿನಲ್ಲಿ ಕೂರುವ ಮರಿಯೇ ಬೇಕಂತೆ. ಅಂಥ ಬೇರೆ ತಳಿಯನ್ನು ಆ ಕ್ಲಬ್ಬು ಮಾನ್ಯ ಮಾಡಿಯೇ ಇಲ್ಲ. ಮೈ ಕುಗ್ಗಿದಷ್ಟೂ ಎಲುಬು ಬೇಗ ಮುರಿಯುತ್ತದೆ, ಹಸಿವು ತಡೆಯದಾಗುತ್ತದೆ. ಇನ್ನು ಕೆಲವು ಮಾರಾಟಗಾರರು ಎಳೆಯ ಮರಿಯನ್ನೇ ‘ಚಿಕ್ಕ ಜಾತಿ’ ಎಂದು ಮಾರಿಬಿಡುತ್ತಾರೆ. ಎಂಟು ವಾರ ತುಂಬದ ಮರಿಯನ್ನು ಮಾರಕೂಡದೆಂದು ಭಾರತ ಸರ್ಕಾರ 2017ರಲ್ಲಿಯೇ ನಿಯಮ ಮಾಡಿದೆ. ಆದರೆ ಕೊಳ್ಳುವವರ ಮೋಹ ಇಳಿಯದೆ ನಿಯಮವೊಂದೇ ಏನು ಮಾಡೀತು?

ಬೀದಿಯ ಮರಿಗಳು ಹಸಿದಿರುವಾಗ ಈ ವಿಲಾಯತಿ ನಾಯಿಯ ಉಪಚಾರವೇಕೆಂದು ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಕೇವಲ ಜೊತೆಗೊಂದು ನಾಯಿ ಬೇಕೆನ್ನುವವರಿಗೆ ನಮ್ಮ ಊರ ಮರಿಯೇ ಲೇಸು. ನಮ್ಮ ಹವೆಗೆ ಒಗ್ಗಿದ್ದು ಅದು. ಆದರೆ ಯಾರ್ಕ್‌ಷೈರ್ ಟೆರಿಯರನ್ನು ಈಗಾಗಲೇ ಮನೆಗೆ ತಂದವರು ಹನ್ನೆರಡು ಹದಿನೈದು ವರ್ಷಗಳ ಹೊಣೆಯನ್ನು ಹೊತ್ತಿದ್ದಾರೆ. ಜುಟ್ಟಿನ ಟೇಪು ಇರಲಿ, ಬಿಡಲಿ. ಅದಕ್ಕೆ ಓಡಲು ಅಂಗಳ, ಮೂಸಲು ಮಣ್ಣು, ಮಾಡಲು ಕೆಲಸ ಕೊಡುವುದೇ ಅದರ ಒಡೆಯನಾದವನ ಧರ್ಮ.