ಕಡ್ಡಿ ಗೀರುವ ಕೈ ಮಗುವಿನದಾಗಲಿ
ನಗರದ ಹೊರವಲಯದ ರೆಸಾರ್ಟ್‌ಗಳಲ್ಲಿ ‘ಕ್ಯಾಂಪ್‌ಫೈರ್’ ಎಂಬುದು ದರಪಟ್ಟಿಯ ಒಂದು ಬಾಬತ್ತು. ಸಿಬ್ಬಂದಿ ಸೌದೆ ಹೊತ್ತಿಸುತ್ತಾರೆ, ಧ್ವನಿವರ್ಧಕ ಅಬ್ಬರಿಸುತ್ತದೆ, ಮಕ್ಕಳು ದೂರ ನಿಂತು ನೋಡುತ್ತಾರೆ. ಊಟ ಬರುವುದು ಒಳಗಿನ ಅಡುಗೆಮನೆಯಿಂದ. ಶಾಲೆಗಳಾದರೂ ನಡೆಸುವುದು ‘ಬೆಂಕಿಯಿಲ್ಲದ ಅಡುಗೆ’ ಸ್ಪರ್ಧೆಯನ್ನೇ. ಭೇಲ್‌ಪುರಿ ಕಲೆಸಿದ ಮಗುವಿಗೆ ಬಹುಮಾನ! ಬೆಂಕಿಗೂ ಅನ್ನಕ್ಕೂ ಇರುವ ನಂಟನ್ನು ನಮ್ಮ ಮಕ್ಕಳು ಅರಿಯುವುದೆಲ್ಲಿ?

ಅದಕ್ಕೆ ಮೂರು ಕಲ್ಲು, ಒಣ ಪುಳ್ಳೆ, ನಾಲ್ಕು ಗೆಣಸು ಸಾಕು. ಹೊಳೆಯಿಂದ ಎತ್ತಿದ ಒದ್ದೆ ಕಲ್ಲು ಬೇಡ, ಕಾದರೆ ಸಿಡಿಯಬಹುದು. ಉರಿಯಲ್ಲಿಟ್ಟ ಗೆಣಸಿನ ಸಿಪ್ಪೆ ಸೀಯುತ್ತದೆ, ಒಳಗು ಹಸಿಯಾಗಿಯೇ ಉಳಿಯುತ್ತದೆ. ಉರಿ ಇಳಿದು ಕೆಂಡವಾದ ಮೇಲೆ ಬಿಸಿ ಬೂದಿಯಲ್ಲಿ ಹುದುಗಿಸಿ ಮುಕ್ಕಾಲು ಗಂಟೆಯಾದರೂ ಕಾಯಬೇಕು. ಬೆರಳು ತಾಗಿಸಿದೊಡನೆ ಎಲ್ಲವನ್ನೂ ಪಡೆಯುವ ಮಗುವಿಗೆ ಈ ಕಾಯುವಿಕೆ ಹೊಸದು. ಚಳಿಗಾಲವಾದರೆ, ಕಲ್ಲುಗಳ ಮೇಲಿನ ಪಾತ್ರೆಯಲ್ಲಿ ಉಪ್ಪು ಹಾಕಿದ ಅವರೆಕಾಯಿಯನ್ನೂ ಬೇಯಿಸಬಹುದು.

ಅಪಾಯವಿಲ್ಲವೇ? ಖಂಡಿತ ಇದೆ. ಆದ್ದರಿಂದಲೇ ಹತ್ತಿಯ ಬಟ್ಟೆ, ಬಕೆಟ್ ನೀರು, ಪಕ್ಕದಲ್ಲೇ ಹಿರಿಯರು ಇರಬೇಕು. ಕಾಡಿನಲ್ಲಂತೂ ಕೂಡದು. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು ಅಪರಾಧ. 2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿ ಉರಿದುದನ್ನು ಕಂಡವರಿಗೆ ಕಾರಣ ವಿವರಿಸಬೇಕಿಲ್ಲ. ಊರಿನ ಹಿತ್ತಿಲು, ನೆಂಟರ ತೋಟದ ಬಯಲು ಇದಕ್ಕೆ ತಕ್ಕ ಜಾಗ.

ಆದರೆ ಈ ಎಚ್ಚರಿಕೆಯ ಹೆಸರಿನಲ್ಲಿ ಮಗುವನ್ನು ಮತ್ತೆ ಪ್ರೇಕ್ಷಕನನ್ನಾಗಿಸಬಾರದು. ಹತ್ತು ವರ್ಷದ ಮಗು ತಾನೇ ಕಡ್ಡಿ ಗೀರಲಿ. ಕೊನೆಗೆ ನೀರು ಸುರಿದು, ಬೂದಿ ಕೆದಕಿ, ಅದರ ಮೇಲೆ ಅಂಗೈ ಹಿಡಿದು ಕಾವು ಆರಿದೆಯೇ ಎಂದು ನೋಡುವುದೂ ಅದರದೇ ಕೆಲಸ.